ಟ್ರಾಮ್ ಕ್ಲಬ್ಬಿನ ಹಲಗೆ

ಟ್ರಾಮ್ ಕ್ಲಬ್ಬಿನ ಹೆಸರಿನಲ್ಲಿ ಟ್ರಾಮ್ ಇದೆಯೇ ಹೊರತು, ಊರಿನಲ್ಲಿ ಟ್ರಾಮ್ ಓಡಿದ್ದನ್ನು ಕಣ್ಣಾರೆ ಕಂಡವರು ಈಗ ಬೆರಳೆಣಿಕೆಯಷ್ಟು. ಹಳಿ ಕಿತ್ತರು, ರಸ್ತೆಗೆ ಡಾಂಬರು ಬಿತ್ತು, ಶೆಡ್ಡನ್ನು ಮರದ ವ್ಯಾಪಾರಿಯೊಬ್ಬ ಗೋದಾಮು ಮಾಡಿಕೊಂಡ. ಉಳಿದದ್ದು ಶೆಡ್ಡಿನ ಹಿಂದಿನ ಮೈದಾನ, ಅಲ್ಲಿ ಕೆಲಸಗಾರರು ಊಟದ ಬಿಡುವಿನಲ್ಲಿ ಚೆಂಡು ಒದ್ದು ಒದ್ದು ಕಟ್ಟಿದ ಫುಟ್‌ಬಾಲ್ ಕ್ಲಬ್ಬು, ಮತ್ತೆ ಆ ಕ್ಲಬ್ಬಿನ ಜಂಭ. ಈಗಿನ ಆಟಗಾರರು ಸಂಬಳಕ್ಕೆ ಆಡುವವರು, ಎಲ್ಲೆಲ್ಲಿಂದಲೋ ಬಂದವರು. ಆದರೂ ನಾಲ್ಕು ದಿನ ಇಲ್ಲಿಯ ನೀರು ಕುಡಿದರೆ ಸಾಕು, ಅವರೂ ‘ನಮ್ಮ ಶೆಡ್ಡು’ ಅಂತ ಎದೆ ಸೆಟೆಸಿಕೊಂಡು ಮಾತಾಡುತ್ತಾರೆ.

ಆ ಜಂಭದ ಮೂಲ ನೋಡಬೇಕಾದರೆ ಬಟ್ಟೆ ಬದಲಿಸುವ ಕೋಣೆಯಿಂದ ಮೈದಾನಕ್ಕೆ ಹೋಗುವ ಕಾರಿಡಾರಿನಲ್ಲಿ ನಡೆಯಬೇಕು. ಅಲ್ಲಿ ಗೋಡೆಯ ಮೇಲೆ, ಕ್ಲಬ್ಬು ಹುಟ್ಟಿದಾಗಿನಿಂದ ವರ್ಷಕ್ಕೆ ಒಂದು ಸಾಲು: ಇಸವಿ, ಲೀಗ್ ಪಟ್ಟಿಯಲ್ಲಿ ಬಂದ ಸ್ಥಾನ, ಜೊತೆಗೆ ಒಂದೆರಡು ಮಾತು. ಆ ವರ್ಷ ತಂಡ ನಡೆಸಿದವನು ಮಾತು ಹೇಳಬೇಕು. ಮೈದಾನದ ಸ್ಕೋರಿನ ಹಲಗೆ ನೋಡಿಕೊಳ್ಳುವವರು ಅದನ್ನು ಬಣ್ಣದಲ್ಲಿ ಬರೆಯಬೇಕು. ಬರೆದದ್ದನ್ನು ಯಾರಪ್ಪ ಬಂದರೂ ಅಳಿಸಬಾರದು. ಇಷ್ಟೇ ಕಾನೂನು. ‘ಚೆಂಡು ಸಿಕ್ಕಿತು, ಗೋಲು ಸಿಗಲಿಲ್ಲ’ ಅಂತ ಮೊದಲನೆಯ ಸಾಲು. ‘ಒಂಬತ್ತನೇ ಸ್ಥಾನ. ಗೋಲ್‌ಕೀಪರನಿಗೆ ಮದುವೆಯಾಯಿತು’ ಅಂತ ಇನ್ನೊಂದು. ಒಂಬತ್ತನೇ ಸ್ಥಾನಕ್ಕೂ ಮದುವೆಗೂ ಏನು ಸಂಬಂಧ ಅಂತ ಕೇಳಿದರೆ ಹಳಬರು ಮುಸಿಮುಸಿ ನಗುತ್ತಾರೆ, ಬಾಯಿ ಬಿಡುವುದಿಲ್ಲ. ಇರೋದೊಂದು ಚಾಂಪಿಯನ್ ಪಟ್ಟ ಗೆದ್ದ ವರ್ಷದ ಮುಂದೆ, ‘ಮೊದಲ ಸ್ಥಾನ. ನಮಗೇ ನಂಬಿಕೆ ಬರಲಿಲ್ಲ.’

ಹಾಗೇ ಓದುತ್ತಾ ಓದುತ್ತಾ ಬಂದರೆ ಒಂದು ಕಡೆ ಕಾಲು ತಾನಾಗಿಯೇ ನಿಲ್ಲುತ್ತದೆ. ಇಡೀ ಗೋಡೆಯಲ್ಲಿ ಎಲ್ಲಕ್ಕಿಂತ ಚೆಂದದ ಅಕ್ಷರ. ದುಂಡಗೆ, ನೆಟ್ಟಗೆ, ಮುತ್ತು ಪೋಣಿಸಿದ ಹಾಗೆ. ‘ಹದಿನಾರನೇ ಸ್ಥಾನ. ಕೆಳಗಿಳಿದೆವು. ಹಲಗೆ ತಪ್ಪಿತ್ತು.’

ಈ ಕಥೆ ಆ ಸಾಲನ್ನು ಬರೆದವನ ಮಗಳದು.

ಅವಳನ್ನು ಊರೆಲ್ಲ ಹಲಗಕ್ಕ ಅನ್ನುತ್ತದೆ. ವಾರವೆಲ್ಲ ಅಪ್ಪನ ಜೊತೆ ಬೋರ್ಡು ಬರೆಯುವ ಅಂಗಡಿ, ಪಂದ್ಯದ ದಿನ ಮೈದಾನದ ಹಲಗೆ. ಗೋಲಿನ ಹಿಂದೆ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಮರದ ಚೌಕಟ್ಟು, ಚೌಕಟ್ಟಿನ ತುಂಬ ಕೊಕ್ಕೆ. ಎಡಗಡೆ ಲೀಗ್ ಪಟ್ಟಿ: ಒಂದೊಂದು ತಂಡಕ್ಕೂ ಒಂದೊಂದು ಹೆಸರಿನ ಹಲಗೆ, ಮೇಲಿಂದ ಕೆಳಗೆ ಸ್ಥಾನದ ಪ್ರಕಾರ. ಬಲಗಡೆ ಇಲ್ಲಿ ನಡೆಯುತ್ತಿರುವ ಪಂದ್ಯದ ಸ್ಕೋರು, ಅದರ ಕೆಳಗೆ ಬೇರೆ ಊರಿನಲ್ಲಿ ನಡೆಯುತ್ತಿರುವ, ನಮಗೆ ಮುಖ್ಯವಾದ ಇನ್ನೊಂದು ಪಂದ್ಯದ ಸ್ಕೋರು. ಹೆಸರಿನ ಹಲಗೆ ಬೇರೆ, ಅಂಕಿಯ ಹಲಗೆ ಬೇರೆ. ಮತ್ತೆ ಇಲ್ಲಿಯದೇ ಒಂದು ವಿಚಿತ್ರ ಪದ್ಧತಿ: ಆ ಇನ್ನೊಂದು ಪಂದ್ಯದಲ್ಲಿ, ಈ ಗಳಿಗೆಗೆ ಲೀಗ್ ಪಟ್ಟಿಯಲ್ಲಿ ಯಾರು ಮುಂದಿದ್ದಾರೋ ಅವರ ಹೆಸರು ಮೇಲೆ, ಹಿಂದಿದ್ದವರದು ಕೆಳಗೆ. ಗೋಲು ಬಿದ್ದು ಸ್ಥಾನ ಬದಲಾದರೆ ಹೆಸರೂ ಬದಲಾಗಬೇಕು. ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ! ಬೇರೆ ಯಾವ ಮೈದಾನದಲ್ಲೂ ಹೀಗಿಲ್ಲ.

ಆ ಪದ್ಧತಿಯೇ ಅಪ್ಪನಿಗೆ ಮುಳುವಾಯಿತು.

ಆಗ ಹಲಗೆ ಅವನ ಕೈಯಲ್ಲಿತ್ತು, ಕ್ಲಬ್ಬು ದೊಡ್ಡ ಲೀಗಿನಲ್ಲಿತ್ತು. ವರ್ಷದ ಕೊನೆಯ ಪಂದ್ಯ. ನಮ್ಮವರು ಕೆಳಗಿನ ಲೀಗಿಗೆ ಬೀಳುವ ಗೆರೆಗಿಂತ ಒಂದೇ ಮೆಟ್ಟಿಲು ಮೇಲೆ. ಇನ್ನೊಂದು ಊರಿನಲ್ಲಿ ಸೇತುವೆ ತಂಡಕ್ಕೂ ಇಟ್ಟಿಗೆ ತಂಡಕ್ಕೂ ಆಟ. ಸೇತುವೆಯವರು ಗೆಲ್ಲದಿದ್ದರೆ ನಮಗೆ ಡ್ರಾ ಸಾಕು. ಗೆದ್ದರೆ ನಾವೂ ಗೆಲ್ಲಲೇಬೇಕು. ಇಲ್ಲೂ ಒಂದು-ಒಂದು, ಅಲ್ಲೂ ಒಂದು-ಒಂದು. ಹಲಗೆಯಲ್ಲಿ ಇಟ್ಟಿಗೆ ಮೇಲೆ, ಸೇತುವೆ ಕೆಳಗೆ. ಅಷ್ಟರಲ್ಲಿ ಫೋನು: ಸೇತುವೆಯವರು ಗೋಲು ಹೊಡೆದರು. ಅಪ್ಪ ಕೆಳಗಿನ ಸಾಲಿನ ಒಂದನ್ನು ತೆಗೆದು ಎರಡನ್ನು ಹಾಕಿದ. ಅಲ್ಲಿಗೆ ಸರಿಯೇ. ಆಮೇಲೆ ನೆನಪಾಯಿತು, ಈ ಗೋಲಿನಿಂದ ಸೇತುವೆ ಪಟ್ಟಿಯಲ್ಲಿ ಇಟ್ಟಿಗೆಯನ್ನು ದಾಟಿತಲ್ಲ, ಮೇಲೆ ಹೋಗಬೇಕಲ್ಲ! ಅವಸರವಸರವಾಗಿ ಎರಡೂ ಹೆಸರನ್ನು ಅದಲುಬದಲು ಮಾಡಿದ. ಅಂಕಿಗಳು ಇದ್ದಲ್ಲೇ ಉಳಿದವು. ಮೇಲೆ ಸೇತುವೆ, ಒಂದು. ಕೆಳಗೆ ಇಟ್ಟಿಗೆ, ಎರಡು. ಅಲ್ಲಿ ಗೆಲ್ಲುತ್ತಿದ್ದವರು ಇಲ್ಲಿ ಹಲಗೆಯ ಮೇಲೆ ಸೋಲುತ್ತಿದ್ದರು.

ಕ್ಯಾಪ್ಟನ್ ಹಲಗೆ ನೋಡಿದ. ಡ್ರಾ ಸಾಕು ಅಂತ ಲೆಕ್ಕ ಹಾಕಿದ. ಆಗ ತಂಡ ನಡೆಸುತ್ತಿದ್ದವನೂ ಅವನೇ, ಅವನ ಮಾತೇ ಕೊನೆ. ಉಳಿದ ಹೊತ್ತೆಲ್ಲ ನಮ್ಮವರು ಚೆಂಡನ್ನು ಮೂಲೆಗೆ ಒಯ್ದು, ಕಾಲಡಿ ಇಟ್ಟುಕೊಂಡು ಕಾಲ ಕಳೆದರು. ಜನ ಚಪ್ಪಾಳೆ ತಟ್ಟಿದರು. ಕೊನೆಯ ಸೀಟಿ ಬಿತ್ತು, ಕ್ಯಾಪ್ಟನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆಗ ಮತ್ತೆ ಫೋನು ಬಂತು. ಅಪ್ಪ ಫೋನು ಕಿವಿಗಿಟ್ಟುಕೊಂಡೇ ಹಲಗೆಯ ಕಡೆ ತಿರುಗಿದ, ನೋಡಿದ, ಹಾಗೇ ಕಟ್ಟೆಯ ಮೆಟ್ಟಿಲ ಮೇಲೆ ಕುಸಿದು ಕೂತ.

ಮುಂದಿನ ವಾರ ಗೋಡೆಗೆ ಆ ವರ್ಷದ ಸಾಲು ಹಾಕಬೇಕಲ್ಲ. ಕ್ಯಾಪ್ಟನ್ ಬಿಸಿರಕ್ತದವನು, ಹೊಟ್ಟೆ ಉರಿಯುತ್ತಿತ್ತು, ಹೇಳಿದ. ಅಪ್ಪ ಬರೆದ. ಒಂದಕ್ಷರ ಕಡಿಮೆ ಮಾಡಲಿಲ್ಲ, ಒಂದು ಗೆರೆ ಸೊಟ್ಟ ಎಳೆಯಲಿಲ್ಲ. ಬರೆದು ಮುಗಿಸಿ, ಕುಂಚ ತೊಳೆದು, ಕಟ್ಟೆಯ ಬೀಗದ ಕೈ ಕೊಟ್ಟು ಗೇಟು ದಾಟಿದವನು ಮತ್ತೆ ಒಳಗೆ ಕಾಲಿಡಲಿಲ್ಲ. ಕ್ಲಬ್ಬೂ ದೊಡ್ಡ ಲೀಗಿಗೆ ಮರಳಲಿಲ್ಲ. ಊರು ಅವನಿಗೆ ಅದಲುಬದಲು ಅಂತ ಹೆಸರಿಟ್ಟಿತು. ‘ಅದಲುಬದಲು ಅಂಗಡಿಯ ಪಕ್ಕ’ ಅಂತ ವಿಳಾಸ ಹೇಳುವಷ್ಟು ಮಟ್ಟಿಗೆ. ಅಪ್ಪ ಕರೆದರೆ ಓ ಅನ್ನುತ್ತಿದ್ದ, ನಗುತ್ತಲೂ ಇದ್ದ. ಆ ನಗು ಮನೆಯ ಬಾಗಿಲವರೆಗೆ ಮಾತ್ರ ಇರುತ್ತಿತ್ತು ಅನ್ನುವುದು ಮಗಳಿಗೆ ಗೊತ್ತಿತ್ತು.

ಅವನ ನಂತರ ಹಲಗೆಗೆ ಬಂದವರು ಯಾರೂ ನಿಲ್ಲಲಿಲ್ಲ. ಕೊನೆಗೆ ಅವಳೇ ಹೋಗಿ ಕೇಳಿದಳು. ಕಮಿಟಿಯವರು ಮುಖ ಮುಖ ನೋಡಿಕೊಂಡರು. “ನಿಮ್ಮ ಮನೆಯವರಿಗೇ ಮತ್ತೆ ಕೊಡೋದಾ?” ಅಂತ ಒಬ್ಬ ಹಲ್ಲು ಕಿರಿದ. ಹಲ್ಲು ಕಿರಿದವನು ಮೆಟ್ಟಿಲು ಹತ್ತಲು ತಯಾರಿರಲಿಲ್ಲ, ಆದ್ದರಿಂದ ಕೊಟ್ಟರು. ಅವಳಿಗೆ ಬೇಕಾಗಿದ್ದದ್ದು ಒಂದೇ. ಅಪ್ಪ ಸಾಯುವುದರೊಳಗೆ ಒಂದು ಸಲ, ತಲೆಯೆತ್ತಿಕೊಂಡು, ಆ ಗೇಟಿನ ಒಳಗೆ ಬರಬೇಕು.

ಅಪ್ಪ ಬೇಡ ಅನ್ನಲಿಲ್ಲ. ಒಂದು ಪಾಠ ಹೇಳಿಕೊಟ್ಟ, ಅಷ್ಟೆ. “ಫೋನಲ್ಲಿ ಕೇಳಿದ್ದನ್ನ ಹಾಕಿದ ಮೇಲೆ ಇಳೀಬೇಡ. ಹಲಗೆ ಕಡೆ ತಿರುಗು. ಒಂದೊಂದರ ಮೇಲೂ ಬೆರಳಿಟ್ಟು ಗಟ್ಟಿಯಾಗಿ ಓದು. ನೆನಪಿಂದ ಹೇಳಬೇಡ, ಕಣ್ಣಿಂದ ಓದು. ಆ ಕಡೆಯವನು ಹೂಂ ಅನ್ನಬೇಕು. ಅವನು ಹೂಂ ಅನ್ನೋವರೆಗೆ ಅದು ಸ್ಕೋರಲ್ಲ, ಬರೀ ಮರದ ತುಂಡು.”

ಈ ವರ್ಷ ಏನಾಯಿತೋ ಏನೋ, ಟ್ರಾಮ್ ಕ್ಲಬ್ಬಿಗೆ ಕಾಲು ಬಂತು. ಗೆದ್ದರು, ಗೆದ್ದರು, ಮತ್ತೆ ಗೆದ್ದರು. ಕೊನೆಯ ಪಂದ್ಯದ ಹೊತ್ತಿಗೆ ಪಟ್ಟಿ ಹೀಗಿತ್ತು: ಗಿರಣಿ ತಂಡ ಮೊದಲ ಸ್ಥಾನದಲ್ಲಿ ಆಗಲೇ ಕಾಲು ಚಾಚಿ ಕೂತಿತ್ತು. ಎರಡನೆಯದು ನಾವು. ಒಂದೇ ಅಂಕ ಹಿಂದೆ, ಮೂರನೆಯದು, ಬಂದರು ತಂಡ. ಮೊದಲ ಎರಡು ತಂಡಗಳು ದೊಡ್ಡ ಲೀಗಿಗೆ ಹತ್ತುತ್ತವೆ. ನಮ್ಮದು ನಮ್ಮ ಮೈದಾನದಲ್ಲೇ ಪಂದ್ಯ. ಬಂದರಿನವರದು ಅವರ ಊರಿನಲ್ಲಿ, ಗಿರಣಿಯ ಮೇಲೆ. ಬಂದರು ಗೆಲ್ಲದಿದ್ದರೆ ನಮಗೆ ಡ್ರಾ ಸಾಕು. ಬಂದರು ಗೆದ್ದರೆ ನಾವೂ ಗೆಲ್ಲಲೇಬೇಕು. ಹಳೆಯ ಕಥೆಯೇ, ಅಂಗಿ ಮಾತ್ರ ಬೇರೆ. ಊರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಎಲ್ಲರ ಹೊಟ್ಟೆಯಲ್ಲೂ ಅದೇ ಇತ್ತು.

ಪಂದ್ಯದ ದಿನ ಬೆಳಿಗ್ಗೆ ಅಪ್ಪ ಅಂಗಡಿಯಲ್ಲಿ ಕೂತು ಹಲ್ಲಿನ ಡಾಕ್ಟರೊಬ್ಬರ ಬೋರ್ಡಿಗೆ ನೀಲಿ ಕಲಸುತ್ತಿದ್ದ. ಕೈ ನಡುಗುತ್ತದೆ, ಅಕ್ಷರ ಬರೆಯುವುದು ಬಿಟ್ಟಿದ್ದಾನೆ. ಬಣ್ಣ ಕಲಸಲು ಮಾತ್ರ ಅವನೇ ಬೇಕು.

“ಇವತ್ತಾದ್ರೂ ಒಳಗೆ ಬಾರಪ್ಪ,” ಅಂದಳು.

“ಯಾಕೆ, ಇಲ್ಲಿಂದಾನೇ ಎಲ್ಲಾ ಕೇಳ್ಸುತ್ತೆ.”

ಅದೂ ಸುಳ್ಳಲ್ಲ. ಅಂಗಡಿ ಇರುವುದು ಗೇಟಿನ ಎದುರಿಗೇ. ಜನ ‘ಓ’ ಅಂದರೆ ಚೆಂಡು ಕಂಬದ ಪಕ್ಕ ಹೋಯಿತು, ‘ಆ’ ಅಂದರೆ ಕೀಪರ್ ಹಿಡಿದ, ಬೈಗುಳ ಕೇಳಿಸಿದರೆ ರೆಫರಿ ಸೀಟಿ ಊದಿದ. ಗೋಡೆಯಾಚೆ ಕೂತೇ ಅಪ್ಪ ಇಡೀ ಪಂದ್ಯ ಹೇಳಬಲ್ಲ.

“ಕೇಳಿದ್ರೆ ಆಯ್ತಾ? ನೋಡೋದು ಬೇಡ್ವಾ?”

“ನಾನು ಬಂದ ದಿನ ನಮ್ಮೋರು ಸೋತ್ರು ಅಂತಿಟ್ಕೋ. ಅದಕ್ಕೂ ನಾನೇ ಕಾರಣ ಅಂತಾರೆ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರೋಣ? ಹೋಗು ಹೋಗು, ಹೊತ್ತಾಯ್ತು. ಬೆರಳಿಟ್ಟು ಓದೋದು ಮರೀಬೇಡ.”

“ಹೂಂ.”

“ನನಗೆ ಹೂಂ ಅಂದು ಏನು ಪ್ರಯೋಜನ? ಅವನ ಹತ್ರ ಹೂಂ ಅನ್ನಿಸು.”

ಅವಳು ಕಟ್ಟೆ ಹತ್ತಿ ಕೊಕ್ಕೆಗಳನ್ನು ಒರೆಸುತ್ತಿದ್ದಾಗ ಕೋಚ್ ಬಂದ. ಇವನೇ ಅಂದಿನ ಕ್ಯಾಪ್ಟನ್. ಕೂದಲು ಹೋಗಿದೆ, ಒಂದು ಮೊಣಕಾಲು ಮಾತು ಕೇಳುವುದಿಲ್ಲ. ಆಗಿನ ಬಿಸಿರಕ್ತ ಎಂದೋ ತಣ್ಣಗಾಗಿದೆ. ಆದರೂ ಅಪ್ಪನ ಅಂಗಡಿಯ ಮುಂದೆ ಹಾದುಹೋಗುವಾಗ ಈಗಲೂ ರಸ್ತೆಯ ಎದುರು ಬದಿಗೇ ನಡೆಯುತ್ತಾನೆ. ಮೊದಲೆಲ್ಲ ‘ಮಾವ, ಮಾವ’ ಅಂತ ಅಂಗಡಿಯಲ್ಲೇ ಬಿದ್ದುಕೊಂಡಿರುತ್ತಿದ್ದವನು.

“ಅಕ್ಕ, ಒಂದು ಮಾತು,” ಅಂದ, ಕೆಳಗೇ ನಿಂತು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವನು, ಆದರೂ ಹಲಗಕ್ಕ ಎಲ್ಲರಿಗೂ ಅಕ್ಕನೇ. “ಇವತ್ತು ನಮ್ಮ ಸ್ಕೋರು ಮಾತ್ರ ಹಾಕು. ಬಂದರಿಂದು ಖಾಲಿ ಬಿಟ್ಬಿಡು.”

ಅವಳು ಒರೆಸುವ ಬಟ್ಟೆ ಕೆಳಗಿಟ್ಟಳು. “ಯಾಕಣ್ಣ? ನಾನು ಅವನ ಮಗಳು ಅಂತಾನಾ?”

“ಅಲ್ಲ ಕಣಮ್ಮ.”

“ಮತ್ತೆ? ಇಷ್ಟು ವರ್ಷ ಹಾಕಿದ್ದೀನಿ, ಒಂದು ಸಲ ತಪ್ಪಾಗಿದ್ಯಾ? ಇವತ್ತು ಖಾಲಿ ಬಿಟ್ರೆ ಇಡೀ ಊರಿಗೆ ನೀವೇ ಸಾರಿ ಹೇಳ್ದಂಗೆ, ಆ ಮನೆಯವರನ್ನ ನಂಬಂಗಿಲ್ಲ ಅಂತ. ಹಾಗಿದ್ರೆ ನನ್ನನ್ನೇ ಇಳಿಸ್ಬಿಡಿ.”

ಕೋಚ್ ಮೊಣಕಾಲು ತಿಕ್ಕಿಕೊಂಡ. “ನಿನ್ನ ಮೇಲೆ ಅನುಮಾನ ಅಲ್ಲ. ಆ ಹಲಗೆ ಕಡೆ ಕತ್ತು ತಿರುಗಿಸಿದ್ರೆ ಈಗ್ಲೂ ಆವತ್ತಿನ ಸ್ಕೋರೇ ಕಾಣುತ್ತೆ. ಆವತ್ತು ಅದನ್ನ ನೋಡಿ ‘ಸಾಕು, ನಿಲ್ಲಿಸಿ’ ಅಂದೋನು ನಾನು. ಹುಡುಗರು ಓಡೋಕೆ ತಯಾರಿದ್ರು.” ಹೊರಡಲು ತಿರುಗಿದ. “ಸರಿ, ಹಾಕು. ನಾನು ಮಾತ್ರ ಅತ್ತ ನೋಡಲ್ಲ. ಸಿಟ್ಟು ಮಾಡ್ಕೋಬೇಡ.”

ಸಿಟ್ಟು ಬಂದಿತ್ತು, ಆದರೆ ಇಳಿಯಿತು. ಅವನ ಮುಖ ನೋಡಿದರೆ ಯಾರಿಗಾದರೂ ಇಳಿಯುತ್ತಿತ್ತು.

ಆಟ ಶುರುವಾಯಿತು. ಮೈದಾನ ತುಂಬಿತ್ತು. ಜನ ಗೋದಾಮಿನ ಮಾಡಿನ ಮೇಲೂ ಹತ್ತಿ ಕೂತಿದ್ದರು. ಎದುರಾಳಿಗಳಿಗೆ ಗೆದ್ದರೂ ಒಂದೇ ಸೋತರೂ ಒಂದೇ, ಆದರೂ ಬಂದವರು ಕಷ್ಟಪಟ್ಟು ಆಡಿದರು. ಅದೇನು ಹಟವೋ. ಮೊದಲರ್ಧ ಗೋಲಿಲ್ಲ. ನಮ್ಮ ಮುಂಚೂಣಿಯವನು ಎರಡು ಒಳ್ಳೆ ಅವಕಾಶ ಕಳೆದುಕೊಂಡು ನೆಲ ಒದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕಟ್ಟೆಯ ಬುಡದಲ್ಲಿ ಕೂತಿದ್ದ ಕೊಡೆ ರಿಪೇರಿಯವನು ಅದನ್ನೇ ಕೂಗಿ ಹೇಳಿ ಸುತ್ತಲಿನವರನ್ನು ನಗಿಸಿದ.

ಬಂದರಿನ ಮೈದಾನದಿಂದ ಅವಳಿಗೆ ಸುದ್ದಿ ಕೊಡುತ್ತಿದ್ದವನು ಅಲ್ಲಿಯ ಹಲಗೆಯವನು, ಗಂಟಲಣ್ಣ. ಗಂಟಲಿಗೇ ಆ ಹೆಸರು. ಅವನು ಮಾತಾಡಿದರೆ ಫೋನಿನ ಅಗತ್ಯವೇ ಇಲ್ಲ, ಕಿಟಕಿ ತೆರೆದಿಟ್ಟರೆ ಸಾಕು ಅಂತ ಅಪ್ಪ ನಗೆಯಾಡುತ್ತಿದ್ದ. ಗಿರಣಿ ಮೊದಲು ಗೋಲು ಹೊಡೆಯಿತು. ಅವಳು ಹಾಕಿದಳು, ಬೆರಳಿಟ್ಟು ಓದಿದಳು, ಅವನು ಹೂಂ ಅಂದ. ಮೈದಾನ ಹೋ ಎಂದು ಎದ್ದು ನಿಂತಿತು. ಆಮೇಲೆ ಬಂದರು ಸಮ ಮಾಡಿತು. ಹಾಕಿದಳು, ಓದಿದಳು, ಹೂಂ ಅಂದ. ಒಂದು-ಒಂದು. ಇಲ್ಲಿ ಸೊನ್ನೆ-ಸೊನ್ನೆ. ಹೀಗೇ ಮುಗಿದರೆ ನಾವು ದೊಡ್ಡ ಲೀಗಿಗೆ. ಜನ ಸ್ಕೋರು ನೋಡಲು ಅವಳನ್ನು ಕಾಯುತ್ತಲೂ ಇರಲಿಲ್ಲ. ಎಲ್ಲರ ಅಂಗೈಯಲ್ಲೂ ಮೊಬೈಲು, ಎಲ್ಲದರಲ್ಲೂ ಅದೇ ಒಂದು-ಒಂದು.

ಇನ್ನು ಹತ್ತು ನಿಮಿಷವೂ ಇಲ್ಲದಿದ್ದಾಗ ಅವಳ ಫೋನು ಅಲುಗಿತು.

“ಬಂದರು ಗೋಲು!” ಗಂಟಲಣ್ಣ ಅರಚಿದ. “ತಡಿ ತಡಿ, ಬಾವುಟ ಎತ್ತಿದಾನೆ… ಆಫ್‌ಸೈಡ್ ಅಂತಿದಾನೆ…” ಸುತ್ತ ಗದ್ದಲ. ಅವಳು ಎರಡರ ಹಲಗೆಯನ್ನು ಕೈಯಲ್ಲಿ ಹಿಡಿದು ನಿಂತಳು. ಹಾಕಲಿಲ್ಲ. “ರೆಫರಿ ಬಾವುಟದವನ ಹತ್ರ ಹೋದ… ಮಾತಾಡ್ತಿದಾರೆ… ಕೊಟ್ಟ! ಗೋಲು ಕೊಟ್ಟ! ನಡು ಚುಕ್ಕಿ ತೋರಿಸ್ತಿದಾನೆ, ನನ್ನ ಕಣ್ಣಾರೆ ನೋಡ್ತಿದೀನಿ!”

ಹಾಕಿದಳು. ತಿರುಗಿ, ಬೆರಳಿಟ್ಟು ಓದಿದಳು. “ಮೇಲೆ ಗಿರಣಿ, ಒಂದು. ಕೆಳಗೆ ಬಂದರು, ಎರಡು.”

“ಹೂಂ!” ಅಂದ ಗಂಟಲಣ್ಣ. “ಹೂಂ ಕಣಮ್ಮ, ಹೂಂ!”

ಮೊಬೈಲುಗಳಲ್ಲಿ ಬೇರೆಯೇ ಆಗಿತ್ತು. ಗೋಲು ಅಂತ ಒಂದು ಕ್ಷಣ ಬಂದು, ಬಾವುಟ ಎದ್ದ ಕೂಡಲೇ ‘ರದ್ದು’ ಅಂತ ಬಂದು, ಮತ್ತೆ ಒಂದು-ಒಂದಕ್ಕೇ ಹೋಗಿ ಅಲ್ಲೇ ಅಂಟಿಕೊಂಡಿತ್ತು. ಯಾರ ಮೊಬೈಲು ನೋಡಿದರೂ ಅದೇ. ಆಮೇಲೆ ಕಣ್ಣೆತ್ತಿ ನೋಡಿದರೆ ಹಲಗೆಯ ಮೇಲೆ ಎರಡು.

“ಏ ಅಕ್ಕ, ಗೋಲು ರದ್ದಾಯ್ತು! ತೆಗಿ ಅದನ್ನ!” ಕೊಡೆ ರಿಪೇರಿಯವನು ಎದ್ದು ನಿಂತ.

“ರದ್ದಾಗಿಲ್ಲ, ಕೊಟ್ಟಿದ್ದಾರೆ.”

“ಇಲ್ಲಿ ನೋಡು, ಬರ್ದಿದೆ!” ಹತ್ತು ಕೈ ಹತ್ತು ಮೊಬೈಲು ಎತ್ತಿ ಹಿಡಿದವು. ಯಾರೋ ಹಿಂದಿನಿಂದ ಆ ಹೆಸರು ಕೂಗಿದ. ಒಬ್ಬ ಕೂಗಿದರೆ ಸಾಲದೇ! ಸಾಲಿನಿಂದ ಸಾಲಿಗೆ ಹರಡಿ, ಮೈದಾನದ ಒಂದು ಬದಿಯೆಲ್ಲ ಚಪ್ಪಾಳೆಯ ತಾಳಕ್ಕೆ ಕೂಗತೊಡಗಿತು: “ಅದಲು-ಬದಲು! ಅದಲು-ಬದಲು!” ಇನ್ನೊಂದು ಬದಿ ಆಟಗಾರರಿಗೆ ಕೂಗುತ್ತಿತ್ತು, “ಸಾಕು! ಹಿಡ್ಕೊಳಿ! ಮೂಲೆಗೆ ಹೋಗಿ!” ಆಟಗಾರರು ಅತ್ತ ನೋಡಿದರು, ಇತ್ತ ನೋಡಿದರು. ಚೆಂಡು ಕಾಲಲ್ಲಿದ್ದವನು ಮೂಲೆಯ ಕಡೆ ಹೆಜ್ಜೆ ಹಾಕಿದ. ಕೋಚ್ ಗೆರೆಯ ಬಳಿ ನೆಲ ನೋಡುತ್ತಾ ನಿಂತಿದ್ದ. ಹಲಗೆಯ ಕಡೆ ಅವನ ಬೆನ್ನು.

ಹಲಗಕ್ಕ ಹಲಗೆಯನ್ನು ಇನ್ನೊಂದು ಸಲ ಕಣ್ಣಿಂದಲೇ ಓದಿದಳು. ಹೂಂ ಅಂದದ್ದು ಕೇಳಿದ್ದಾಳೆ. ತಾನು ಸರಿ ಅಂತ ಗೊತ್ತು. ಆದರೆ ಸಾವಿರ ಜನ ತಪ್ಪು ಅಂತ ಕೂಗುವಾಗ ಗೊತ್ತಿರುವುದೂ ಅಲ್ಲಾಡುತ್ತದೆ ನೋಡಿ. ಅಷ್ಟರಲ್ಲಿ ಕೊಡೆ ರಿಪೇರಿಯವನು ಮೆಟ್ಟಿಲು ಹತ್ತಿ ಬಂದೇಬಿಟ್ಟ. “ನೀನು ತೆಗೀದಿದ್ರೆ ನಾನು ತೆಗೀತೀನಿ,” ಅಂತ ಎರಡರ ಹಲಗೆಗೆ ಕೈಚಾಚಿದ.

ಅವನ ಕೈಗಿಂತ ಮೊದಲು ಇನ್ನೊಂದು ಕೈ ಆ ಹಲಗೆಯ ಮೇಲೆ ಬಿತ್ತು. ಬೆರಳ ಸಂದಿಗಳಲ್ಲಿ ನೀಲಿ ಬಣ್ಣ.

ಅಂಗಡಿಯಲ್ಲಿ ಕೂತು ಕಿವಿಯಿಂದಲೇ ಪಂದ್ಯ ನೋಡುತ್ತಿದ್ದವನಿಗೆ ಆ ಕೂಗು ಕೇಳಿಸದೇ ಇರುತ್ತದೆಯೇ? ತನ್ನನ್ನು ಕರೆದಾಗ ಓ ಅಂದು ನಕ್ಕವನಿಗೆ, ಅದೇ ಹೆಸರನ್ನು ಮಗಳ ತಲೆಗೆ ಕಟ್ಟುತ್ತಿದ್ದಾರೆ ಅಂತ ತಿಳಿದಾಗ ಕೂತಿರಲು ಆಗಲಿಲ್ಲ. ಗೇಟು, ಊರ ಮಾತು, ಇಷ್ಟು ವರ್ಷದ ಹಟ, ಯಾವುದೂ ನೆನಪಾಗಲಿಲ್ಲ. ಬಂದುಬಿಟ್ಟಿದ್ದ. ಏದುಸಿರು ಬಿಡುತ್ತಿದ್ದ.

“ಹೆಸರು ಮುಟ್ಟಿದ್ಯಾ?” ಅಂತ ಕೇಳಿದ, ಅವಳನ್ನು ಮಾತ್ರ ನೋಡುತ್ತಾ.

“ಇಲ್ಲಪ್ಪ. ಗಿರಣಿ ಮೇಲೆ, ಬಂದರು ಕೆಳಗೆ. ಮೊದಲಿಂದ ಹಾ‍ಗೇ ಇದೆ.”

“ಬೆರಳಿಟ್ಟು ಓದಿದ್ಯಾ?”

“ಓದ್ದೆ.”

“ಅವನು ಹೂಂ ಅಂದನಾ?”

“ಅಂದ. ಮೂರು ಸಲ.”

“ಹಾಗಾದ್ರೆ ಮುಗೀತು,” ಅಂದ ಅಪ್ಪ. ಹಲಗೆಯ ಮೇಲಿಂದ ಕೈ ತೆಗೆಯಲಿಲ್ಲ. ಕೊಡೆ ರಿಪೇರಿಯವನು ಆ ಮುದುಕನ ಕೈ ಕಿತ್ತು ಹಾಕುವಷ್ಟು ಕೆಟ್ಟವನಲ್ಲ. ಸುಮ್ಮನೆ ಒಂದು ಮೆಟ್ಟಿಲು ಇಳಿದು ನಿಂತ.

ಕೂಗು ತಟ್ಟನೆ ತಗ್ಗಿತು. ಹಳಬರಿಗೆ ಗುರುತು ಸಿಕ್ಕಿತ್ತು. “ಅವನೇ ಕಣೋ, ಅವನೇ,” ಅಂತ ಪಿಸುಮಾತು ಹರಡಿತು. ಏನಾಯಿತು ಇದ್ದಕ್ಕಿದ್ದ ಹಾಗೆ ಅಂತ ಕೋಚ್ ತಿರುಗಿದ. ನೋಡುವುದಿಲ್ಲ ಅಂದಿದ್ದವನು ನೋಡಿದ. ಅದೇ ಹಲಗೆ, ಅದೇ ಮನುಷ್ಯ, ಅಂಕಿಯ ಮೇಲೆ ಅಂಗೈ ಊರಿ ನಿಂತಿದ್ದಾನೆ. ಇಷ್ಟು ದೂರದಿಂದ ಮಾತು ಕೇಳುವಂತಿರಲಿಲ್ಲ. ಅಪ್ಪ ಮಾತಾಡಲೂ ಇಲ್ಲ. ಸುಮ್ಮನೆ ತಲೆಯಾಡಿಸಿದ, ಹೂಂ ಅನ್ನುವ ಹಾಗೆ.

ಕೋಚ್ ಒಂದು ಗಳಿಗೆ ನಿಂತ. ಆಮೇಲೆ ಆ ಮೊಣಕಾಲು ಎಳೆದುಕೊಂಡೇ ಗೆರೆಯುದ್ದಕ್ಕೂ ಓಡಿದ, ಎರಡೂ ಕೈ ಬೀಸುತ್ತಾ. “ಮುಂದೆ! ಎಲ್ಲಾ ಮುಂದೆ! ಗೋಲು ಬೇಕು, ಗೋಲು!”

ಜನ ಬೈದರು, ತಲೆ ಕೆಟ್ಟಿದ್ಯಾ ಅಂದರು. ಆಟಗಾರರು ಮೂಲೆ ಬಿಟ್ಟು ಮುನ್ನುಗ್ಗಿದರು. ಕೊನೆಯ ಆ ಕೆಲವು ನಿಮಿಷ ನಮ್ಮ ಹುಡುಗರು ಆಡಿದ ಆಟವನ್ನು ಟ್ರಾಮ್ ಕ್ಲಬ್ಬು ಎಷ್ಟೋ ಕಾಲದಿಂದ ಆಡಿರಲಿಲ್ಲ. ಒಂದು ಹೊಡೆತವನ್ನು ಕೀಪರ್ ಬೆರಳ ತುದಿಯಿಂದ ತಳ್ಳಿದ. ಇನ್ನೊಂದು ಕಂಬಕ್ಕೆ ಬಡಿದ ಸದ್ದು ಕಟ್ಟೆಯವರೆಗೂ ಕೇಳಿಸಿತು. ನಮ್ಮ ಗೋಲ್‌ಕೀಪರನೂ ತನ್ನ ಜಾಗ ಬಿಟ್ಟು ಅಲ್ಲಿಗೇ ಓಡಿಬಂದಿದ್ದ. ಅವನ ತಲೆಗೆ ತಾಗಿದ ಚೆಂಡು ಅಡ್ಡಕಂಬದ ಮೇಲೆ ಹಾರಿಹೋಯಿತು. ಕೊನೆಯ ಸೀಟಿ ಬಿತ್ತು. ಸೊನ್ನೆ-ಸೊನ್ನೆ.

ಜನ ಕುಣಿಯತೊಡಗಿದರು. ಕೊಡೆ ರಿಪೇರಿಯವನು ಪಕ್ಕದವನನ್ನು ತಬ್ಬಿಕೊಂಡ. ಆಟಗಾರರು ಕುಣಿಯಲಿಲ್ಲ. ಒಬ್ಬ ಹುಲ್ಲಿನ ಮೇಲೆ ಅಂಗಾತ ಬಿದ್ದ, ಒಬ್ಬ ಅಂಗಿಯಿಂದ ಮುಖ ಮುಚ್ಚಿಕೊಂಡ. ಅವರಿಗೆ ಗೊತ್ತಿತ್ತು. ಆಮೇಲೆ ಒಂದೊಂದಾಗಿ ಮೊಬೈಲುಗಳಿಗೂ ಗೊತ್ತಾಯಿತು. ಕುಣಿತ ಎಲ್ಲಿತ್ತೋ ಅಲ್ಲೇ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಂದರು ಎರಡು, ಗಿರಣಿ ಒಂದು. ಹಲಗೆಯ ಮೇಲೆ ಎಷ್ಟು ಹೊತ್ತಿನಿಂದಲೂ ಇದ್ದದ್ದೇ.

ಜನ ಸದ್ದಿಲ್ಲದೆ ಕರಗಿದರು. ಕೊಡೆ ರಿಪೇರಿಯವನು ಹೋಗುವ ಮುಂಚೆ ಮೆಟ್ಟಿಲ ಬಳಿ ಬಂದು, “ತಪ್ಪಾಯ್ತಕ್ಕ,” ಅಂದ. ಅಪ್ಪನ ಕಡೆ ನೋಡಿ, ಟೋಪಿ ತೆಗೆದು ಹಾಕಿಕೊಂಡು ಹೋದ.

ಕೋಚ್ ಕುಂಟುತ್ತಾ ಬಂದು ಕಟ್ಟೆಯ ಬುಡದಲ್ಲಿ ನಿಂತ.

“ಮಾವ,” ಅಂದ.

ಅಪ್ಪ ಅಂದು ಕುಸಿದು ಕೂತಿದ್ದ ಅದೇ ಮೆಟ್ಟಿಲ ಮೇಲೆ ಕೂತಿದ್ದ. “ಆ ಕಂಬಕ್ಕೆ ಬಡಿದದ್ದು ಒಳಗೆ ಹೋಗಿದ್ರೆ ಚೆನ್ನಾಗಿತ್ತು ಕಣೋ,” ಅಂದ.

“ಚೆನ್ನಾಗಿತ್ತು.” ಕೋಚ್ ಪಕ್ಕದಲ್ಲೇ ಕೂತ. “ಆವತ್ತು ನಾವು ಆಡದೇ ಸೋತ್ವಿ ಮಾವ. ಇವತ್ತು ಗೊತ್ತಿದ್ದು ಆಡಿ ಸೋತ್ವಿ. ನನಗೆ ಇವತ್ತು ನಿದ್ದೆ ಬರುತ್ತೆ.” ಕಣ್ಣು ಒರೆಸಿಕೊಂಡ. “ಆ ಸಾಲು ನಿಮ್ಮ ಕೈಯಲ್ಲೇ ಬರೆಸಬಾರದಾಗಿತ್ತು.”

“ತಪ್ಪಿದ್ದು ನಿಜ, ಬರೆದೆ. ಅದಕ್ಯಾಕೆ ಈಗ ಅಳ್ತೀಯಾ?” ಅಂದ ಅಪ್ಪ. ಹಾಗಂದವನ ಕಣ್ಣೂ ಒದ್ದೆಯಾಗಿತ್ತು. ಹಲಗಕ್ಕ ಮಾತ್ರ ಯಾವ ಸಂಕೋಚವೂ ಇಲ್ಲದೆ ಚೌಕಟ್ಟು ಹಿಡಿದುಕೊಂಡು ಜೋರಾಗಿಯೇ ಅತ್ತಳು. ಅಪ್ಪ ಒಳಗೆ ಬಂದಿದ್ದ. ಅವಳು ಕೇಳಿದ್ದೇ ಅಷ್ಟು.

ವರ್ಷದ ಕೊನೆಯ ಪಟ್ಟಿಯನ್ನು ಅಪ್ಪನೇ ಹಾಕಿದ. ಗಿರಣಿ, ಬಂದರು, ಆಮೇಲೆ ನಮ್ಮದು, ಮೂರನೆಯ ಕೊಕ್ಕೆಗೆ.

ಎರಡು ದಿನ ಬಿಟ್ಟು ಕಾರಿಡಾರಿನಲ್ಲಿ ಸೇರಿದರು, ಮೂವರೇ. ಕೋಚ್ ಮಾತು ಹೇಳಿದ. ಹಲಗಕ್ಕ ಕುಂಚವನ್ನು ಅಪ್ಪನ ಕಡೆ ಚಾಚಿದಳು. “ನೀನೇ ಬರಿಯಪ್ಪ.”

“ಈ ಕೈಯಲ್ಲಾ? ಬರೆದ್ರೆ ಇರುವೆ ಶಾಯಿ ಕುಡಿದು ಓಡಾಡಿದ ಹಾಗಿರುತ್ತೆ. ಹಲಗೆ ನಿಂದು, ನೀನು ಬರಿ. ನಾನು ಡಬ್ಬ ಹಿಡ್ಕೋತೀನಿ.”

ಅವಳು ಬರೆದಳು. ಅಪ್ಪನಷ್ಟು ದುಂಡಗೆ ಬರಲಿಲ್ಲ. ಒಂದಕ್ಷರ ಕೊಂಚ ವಾಲಿತು, ಅಪ್ಪ ನಾಲಿಗೆ ಲೊಚಗುಟ್ಟಿದ, ಆದರೆ ಕಾನೂನು ಕಾನೂನೇ, ಅಳಿಸುವಂತಿಲ್ಲ. ಬರೆದು ಮುಗಿದ ಮೇಲೆ ಅಪ್ಪ ಡಬ್ಬ ಕೆಳಗಿಟ್ಟು ಗೋಡೆಯ ಹತ್ತಿರ ಬಂದ. ಹಸಿ ಬಣ್ಣಕ್ಕೆ ತಾಗದ ಹಾಗೆ, ಅಕ್ಷರಗಳ ಕೆಳಗೆ ಬೆರಳು ಓಡಿಸುತ್ತಾ ಗಟ್ಟಿಯಾಗಿ ಓದಿದ.

“ಮೂರನೇ ಸ್ಥಾನ. ಹಲಗೆ ಸರಿಯಿತ್ತು.”

ಓದಿ, ಬೆರಳನ್ನು ಅಲ್ಲೇ ಇಟ್ಟುಕೊಂಡು ಕಾದ.

“ಹೂಂ,” ಅಂದ ಕೋಚ್, ಹಿಂದಿನಿಂದ.